ಎಡಗಾಲಿನ ಲೆಕ್ಕ

ಜನವರಿ 19, ಭಾನುವಾರ

ಅದಿರ್ಲಿ ಸರ್, ನಾನು ಕೇಳ್ತಿರೋದು ಬೇರೆ. ಮೂರನೇ ಕ್ವಾರಿಗೆ ಇನ್ನೂರ ಹತ್ತು ಹೆಜ್ಜೆ ಅಂತ ಬರೆದಿದ್ದೀರಲ್ಲ, ಅದು ಎಣಿಸಿ ಬರೆದಿದ್ದಾ, ಅಂದಾಜಾ?

ಓಕೆ, ಸಾರಿ. ಕಾಗದ ಹೀಗೆ ಶುರು ಮಾಡಬಾರದು ಅಂತ ನಂಗೂ ಗೊತ್ತು. ನಾಲ್ಕು ಹಾಳೆ ಹರಿದು ಬಿಸಾಕಿದೆ. ನಾಲ್ಕರಲ್ಲೂ ‘ಕ್ಷೇಮ’ ಅಂತ ಬರೆಯೋಕೆ ಹೋಗಿ ಅಲ್ಲೇ ಸಿಕ್ಕಾಕಿಕೊಂಡೆ. ಗ್ರೂಪಲ್ಲಾದ್ರೆ ಈ ತಾಪತ್ರಯ ಇಲ್ಲ, ನೇರ ವಿಷಯಕ್ಕೆ ನುಗ್ಗಬಹುದು.

ನಾನು ಗ್ರೂಪಿನ ಕಲ್ಲುಗುಬ್ಬಿ. ಕಣಿವೆ, ಕಮರಿ, ಮುಚ್ಚಿಹೋದ ಕ್ವಾರಿಗಳಲ್ಲಿ ನಡೆಯೋರ ಗ್ರೂಪು ನಮ್ಮದು. ನಿಮ್ಮ ಅಣ್ಣನ ಮಗಳು ನಿಮ್ಮ ಕೈಬರಹದ ಟಿಪ್ಪಣಿಗಳ ಫೋಟೊ ಹಾಕ್ತಿದ್ರಲ್ಲ, ಅದೇ ಗ್ರೂಪು. ಅವರು ಗ್ರೂಪ್ ಬಿಟ್ಟುಹೋಗಿ ಎರಡು ವರ್ಷ ಆಯ್ತು. ಒಂದು ಫೋಟೊದ ಕೆಳಗೆ ನಿಮ್ಮ ವಿಳಾಸ ಅರ್ಧ ಕಾಣ್ತಿತ್ತು, ಮಿಕ್ಕಿದ್ದು ಪೋಸ್ಟ್ ಆಫೀಸಲ್ಲಿ ಕೇಳಿ ಹುಡುಕಿದೆ. ನಿಮ್ಮ ನಿಜವಾದ ಹೆಸರು ನಮಗ್ಯಾರಿಗೂ ಬೇಕಾಗಿರಲಿಲ್ಲ. ಎಲ್ಲಾ ದಾರಿನೂ ಹೆಜ್ಜೆ ಲೆಕ್ಕದಲ್ಲೇ ಹೇಳ್ತೀರ, ಅದಕ್ಕೇ ಹೆಜ್ಜೆ ಸರ್. ನಿಮ್ಮ ನಲವತ್ತೊಂದು ಟಿಪ್ಪಣಿನೂ ನಂಗೆ ಬಾಯಿಪಾಠ. ‘ಮಂಜು ಕವಿದಾಗ ಕಣ್ಣನ್ನು ನಂಬಬೇಡಿ, ಲೆಕ್ಕವನ್ನು ನಂಬಿ’ ಅಂದಿದ್ದೀರಲ್ಲ, ಅದು ನಮ್ಮ ಗ್ರೂಪಿನ ತಲೆಬರಹ.

ಈಗ ವಿಷಯ. ಡಿಸೆಂಬರಲ್ಲಿ ಗ್ರೂಪಿನ ಕಡೆಯವರೊಬ್ರು ಮೂರನೇ ಕ್ವಾರಿಲಿ ಬಿದ್ರು. ಪೆಟ್ಟಾಗಿದೆ. ಬೆಳಿಗ್ಗೆ ಏಳು ಗಂಟೆ, ದಟ್ಟ ಮಂಜು, ನಿಮ್ಮ ಟಿಪ್ಪಣಿ ನೋಡ್ಕೊಂಡೇ ಹೋಗಿದ್ರು. ಲಾರಿ ತೂಗ್ತಿದ್ದ ಮುರಿದ ವೇಬ್ರಿಡ್ಜಿಂದ ಗೋಡೆ ಎಡಕ್ಕೆ ಇಟ್ಕೊಂಡು ಇನ್ನೂರ ಹತ್ತು ಹೆಜ್ಜೆ, ಕಾಲಡಿ ಜಲ್ಲಿ ಸಿಕ್ಕಾಗ ಬಲಕ್ಕೆ ತಿರುಗಿ, ಹಳೇ ಲಾರಿ ದಾರಿ ಇಳಿಯುತ್ತೆ ಅಂತಿದೆ. ಅವರು ತಿರುಗಿದಲ್ಲಿ ದಾರಿ ಇಳೀಲಿಲ್ಲ. ಮುಗಿದೇ ಹೋಯ್ತು. ಬಿದ್ದವರ ಮನೇಲಿ, ಆ ಮುದುಕ ತಪ್ಪು ಲೆಕ್ಕ ಕೊಟ್ಟ ಅಂತಿದಾರೆ. ಗ್ರೂಪಲ್ಲಿ, ಬಿದ್ದೋರಿಗೇ ಎಣಿಸೋಕೆ ಬರಲ್ಲ ಅಂತಿದಾರೆ. ಯಾರ ತಪ್ಪು ಅಂತ ಗೊತ್ತಾಗಲೇಬೇಕು ಸರ್. ಬೇರೆಯವರಿಗೆ ಹೇಗೋ ಗೊತ್ತಿಲ್ಲ, ನಂಗೆ ಗೊತ್ತಾಗಲೇಬೇಕು.

ನಿಮ್ಮ ಫ್ಯಾನು,
ಕಲ್ಲುಗುಬ್ಬಿ

*

ಜನವರಿ 27

ಕಲ್ಲುಗುಬ್ಬಿಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ಕೆಳಗಿನ ಮನೆಯ ದರ್ಜಿ ಮೇಲೆ ತಂದುಕೊಟ್ಟ. ‘ಯಜಮಾನ್ರೇ, ನಿಮಗೂ ಕಾಗದ ಬರೆಯೋರಿದಾರಲ್ರೀ’ ಎಂದು ಕವರನ್ನು ಮೂರು ಸಲ ತಿರುಗಿಸಿ ನೋಡಿ ಕೊಟ್ಟ. ನಾನಿರುವುದು ಎರಡನೇ ಮಹಡಿ. ಮೆಟ್ಟಿಲು ಮೂವತ್ತೆಂಟು. ಮೊಣಕಾಲು ಕೈಕೊಟ್ಟ ಮೇಲೆ ಈಗಿನ ನನ್ನ ನಡಿಗೆ ಇಷ್ಟೇ: ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಬಚ್ಚಲಿಗೆ. ಅದನ್ನೂ ಎಣಿಸುತ್ತೇನೆ, ಚಟ ಬಿಡುವುದಿಲ್ಲ.

ನಿನ್ನ ಪ್ರಶ್ನೆಗೆ ಸ್ವಲ್ಪ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಅಂದಾಜು ಎಂದೆಯಲ್ಲ. ಮೂವತ್ತೆರಡು ವರ್ಷ ಸರ್ವೆ ಕೆಲಸ ಮಾಡಿದವನು ನಾನು. ಎಣಿಸದೆ ಒಂದು ಅಂಕಿಯನ್ನೂ ಬರೆದವನಲ್ಲ. ಆ ಕ್ವಾರಿಗೆ ಮೂರು ಸಲ ಹೋಗಿದ್ದೇನೆ. ಎರಡು ಸಲ ಇನ್ನೂರ ಹತ್ತು, ಒಂದು ಸಲ ಇನ್ನೂರ ಹನ್ನೊಂದು. ಆ ಒಂದು ಹೆಚ್ಚಾಗಿದ್ದು ಹಾವು ಕಂಡು ಪಕ್ಕಕ್ಕೆ ಸರಿದದ್ದರಿಂದ.

ಬಿದ್ದವರು ಬಹುಶಃ ಎರಡೂ ಕಾಲನ್ನು ಎಣಿಸಿದ್ದಾರೆ. ನಮ್ಮ ಕೆಲಸದಲ್ಲಿ ಎಡಗಾಲು ಊರಿದಾಗ ಮಾತ್ರ ಒಂದು. ಬಲಗಾಲಿಗೆ ಲೆಕ್ಕವಿಲ್ಲ. ಉದ್ದದ ದಾರಿಯಲ್ಲಿ ಎರಡೂ ಕಾಲನ್ನು ಎಣಿಸುತ್ತ ಹೋದರೆ ನಾಲಿಗೆ ಕಾಲಿಗಿಂತ ಹಿಂದೆ ಬೀಳುತ್ತದೆ. ಇದನ್ನು ಮೊದಲನೇ ಟಿಪ್ಪಣಿಯ ತಲೆಯಲ್ಲೇ ಕೆಂಪು ಶಾಯಿಯಲ್ಲಿ ಬರೆದಿದ್ದೇನಲ್ಲ, ಓದಲಿಲ್ಲವೇ ಅವರು? ಎರಡೂ ಕಾಲು ಎಣಿಸಿದರೆ ಸರಿಯಾಗಿ ಅರ್ಧ ದಾರಿಯಲ್ಲಿ ನಿಲ್ಲುತ್ತಾರೆ. ಅಲ್ಲಿ ಒಡೆದ ಚೂರುಕಲ್ಲು ಸುರಿಯಲು ಮಾಡಿದ್ದ ಇನ್ನೊಂದು ದಾರಿಯಿದೆ. ಅದಕ್ಕೂ ಜಲ್ಲಿ ಹಾಸಿದ್ದಾರೆ. ಲಾರಿ ಹಿಂದಕ್ಕೆ ಬಂದು ಸುರಿದು ಹೋಗುವ ಜಾಗ ಅದು. ಇಪ್ಪತ್ತು ಹೆಜ್ಜೆಗೆ ಬಂಡೆ ಮುಗಿಯುತ್ತದೆ, ಕೆಳಗೆ ಎಪ್ಪತ್ತು ಅಡಿ.

ಪೆಟ್ಟು ಎಲ್ಲಿಗೆ? ಕಾಲಿಗಾದರೆ ಇನ್ನೊಂದು ತಿಂಗಳು ಅವಸರ ಮಾಡಬೇಡಿ ಎಂದು ಹೇಳು. ಎದ್ದು ಓಡಾಡುವಂತಾದ ಮೇಲೆ ಬಿಸಿಲಿರುವಾಗ ಎಡಗಾಲನ್ನು ಎಣಿಸಿಕೊಂಡು ಅದೇ ದಾರಿಯಲ್ಲಿ ಒಮ್ಮೆ ಹೋಗಿ ಬರಲಿ. ಬಿದ್ದ ಜಾಗಕ್ಕೆ ಮತ್ತೆ ಹೋಗದಿದ್ದರೆ ಹೆದರಿಕೆ ಮನಸ್ಸಿನಲ್ಲಿ ಮನೆ ಮಾಡುತ್ತದೆ.

ನೀನು ಎಷ್ಟು ನಡೆದಿದ್ದೀಯ? ಬರೆ. ಇಲ್ಲಿ ಓದಲು ಬೇಕಾದಷ್ಟು ಸಮಯವಿದೆ.

ಹೆಜ್ಜೆ ಸರ್ (ಹೆಸರು ಚೆನ್ನಾಗಿದೆ, ಇಟ್ಟವರು ಯಾರು?)

*

ಫೆಬ್ರವರಿ 26

ಕಲ್ಲುಗುಬ್ಬಿಗೆ,

ಒಂದು ತಿಂಗಳಾಯಿತು, ಉತ್ತರವಿಲ್ಲ. ನನ್ನ ಮಾತು ಒರಟಾಯಿತೇನೋ. ಸಿಟ್ಟಿನಲ್ಲಿ ಬರೆದದ್ದಲ್ಲ. ಕಾಗದ ಬಂದ ಖುಷಿಗೆ ಸ್ವಲ್ಪ ಜಂಬ ಕೊಚ್ಚಿಕೊಂಡೆ.

ದರ್ಜಿಯನ್ನು ದಿನಾ ಕೇಳುತ್ತೇನೆ. ‘ಇಲ್ಲ ಯಜಮಾನ್ರೇ, ಇವತ್ತೂ ನಿಮ್ಮ ಗುಬ್ಬಿ ಹಾರಿ ಬರಲಿಲ್ಲ’ ಎನ್ನುತ್ತಾನೆ. ನನಗೆ ಬೇಸರವಾಗದಿರಲಿ ಎಂದು ತಮಾಷೆಯಾಗಿಯೇ ಹೇಳುತ್ತಾನೆ. ಬಿದ್ದವರು ಹೇಗಿದ್ದಾರೆ ಎಂದಷ್ಟೇ ಬರೆ, ಸಾಕು. ಒಂದು ಕಾರ್ಡು ಹಾಕು.

*

ಮಾರ್ಚ್ 9

ಸರ್,

ನಿಮ್ಮ ಎರಡೂ ಕಾಗದ ಬಂತು. ಮೊದಲನೇದನ್ನ ಓದಿದ ದಿನ ಕೆಲಸದಲ್ಲಿ ಮೂರು ಗಾಜು ಒಡೆದೆ. ನಾನು ಕನ್ನಡಕದ ಅಂಗಡೀಲಿ ಗಾಜು ಉಜ್ಜೋಳು. ಪವರ್ ಕಾಲು ಪಾಯಿಂಟು ಹೆಚ್ಚುಕಮ್ಮಿ ಆದ್ರೆ ಗಿರಾಕಿಗೆ ತಲೆ ಸುತ್ತುತ್ತೆ, ವಾಪಸ್ ತರ್ತಾರೆ. ನನ್ನ ಗಾಜು ಯಾವತ್ತೂ ವಾಪಸ್ ಬಂದಿಲ್ಲ. ‘ಇವಳ ಕೈಲಿ ತಪ್ಪೇ ಆಗಲ್ಲಪ್ಪ’ ಅಂತ ಮಾಲೀಕರು ಎಲ್ಲರ ಮುಂದೆ ಹೇಳ್ತಾರೆ. ಅವತ್ತು ಮಾತ್ರ, ‘ಏನಾಯ್ತೇ, ಹುಷಾರಿಲ್ವಾ, ಮನೆಗೆ ಹೋಗು’ ಅಂದ್ರು.

ಒಂದೊಂದಾಗಿ ಹೇಳ್ತೀನಿ, ಒಟ್ಟಿಗೆ ಹೇಳೋಕೆ ಆಗಲ್ಲ.

ಬಿದ್ದೋನು ನಮ್ಮಣ್ಣ.

ಪೆಟ್ಟಾಗಿದೆ ಅಂದೆ. ಪೆಟ್ಟಲ್ಲ. ಅಣ್ಣ ಸತ್ತುಹೋದ. ಮಾರನೇ ದಿನ ಸೌದೆಗೆ ಬಂದೋರು ನೋಡಿದ್ರು. ಕಾಲು ಸರಿಯಾದ ಮೇಲೆ ಇನ್ನೊಂದ್ಸಲ ಹೋಗಲಿ ಅಂತ ಬರೆದಿದ್ರಲ್ಲ ಸರ್, ಆ ಸಾಲನ್ನ ಎಷ್ಟು ಸಲ ಓದಿದೀನಿ ಅಂದ್ರೆ ಅಲ್ಲಿ ಕಾಗದ ಮೆತ್ತಗಾಗಿದೆ.

ಅಣ್ಣ ಗ್ರೂಪಿನೋನಲ್ಲ. ಲಿಫ್ಟ್ ರಿಪೇರಿ ಮಾಡ್ತಿದ್ದ. ‘ಜನ ಹತ್ತಬಾರದು ಅಂತ ನಾವು ಯಂತ್ರ ಮಾಡಿದೀವಿ, ನೀವು ಸುಮ್ಸುಮ್ನೆ ಹತ್ತಿ ಇಳೀತೀರ’ ಅಂತ ನನ್ನ ಆಡಿಕೊಳ್ತಿದ್ದ. ನಾನು ಎಷ್ಟು ನಡೆದಿದೀನಿ ಅಂತ ಕೇಳಿದ್ರಲ್ಲ. ಒಂದು ಹೆಜ್ಜೆನೂ ಇಲ್ಲ. ಅಂಗಡಿಗೆ ಭಾನುವಾರವೂ ರಜ ಇಲ್ಲ, ಅಮ್ಮಂಗೆ ಹೆದರಿಕೆ. ನಾನು ನಡೆದಿರೋದೆಲ್ಲ ನಿಮ್ಮ ಟಿಪ್ಪಣಿಲಿ. ಅಣ್ಣ ನನ್ನ ‘ಕೂತಲ್ಲೇ ಬೆಟ್ಟ ಹತ್ತೋಳು’ ಅಂತಿದ್ದ. ಡಿಸೆಂಬರಲ್ಲಿ, ‘ನಾನು ಮೊದಲು ಹೋಗಿ ದಾರಿ ನೋಡ್ಕೊಂಡು ಬರ್ತೀನಿ ಕಣೆ, ಆಮೇಲೆ ನಿನ್ನ ಕರ್ಕೊಂಡು ಹೋಗ್ತೀನಿ, ಅಮ್ಮಂಗೆ ನಾನು ಹೇಳ್ತೀನಿ’ ಅಂದ. ನನ್ನ ಪಟ್ಟಿನ ಫೋನಿಗೆ ಹಾಕಿಸ್ಕೊಂಡು ಹೋದ.

ನನ್ನ ಪಟ್ಟಿ. ಅದನ್ನೇ ಹೇಳೋಕೆ ಬಂದೆ.

ನಿಮ್ಮ ಕೈಬರಹ ಓದೋದು ಕಷ್ಟ ಅಂತ ಎಲ್ಲರೂ ಗೊಣಗ್ತಿದ್ರು. ನಾನು ಎರಡು ತಿಂಗಳು ಕೂತು ನಲವತ್ತೊಂದನ್ನೂ ಟೈಪ್ ಮಾಡಿ ಒಂದೇ ಪಟ್ಟಿ ಮಾಡಿದೆ. ಗ್ರೂಪಿನ ಮೇಲ್ಗಡೆ ಪಿನ್ ಮಾಡಿದ್ರು. ಇನ್ನೂರಕ್ಕೂ ಜಾಸ್ತಿ ಜನ ಹಾರ್ಟು ಕೊಟ್ರು. ನನ್ನ ಜೀವನದಲ್ಲಿ ಅಷ್ಟು ಜನ ಯಾವತ್ತೂ ಶಭಾಷ್ ಅಂದಿಲ್ಲ. ಮೊದಲನೇ ಟಿಪ್ಪಣಿ ತಲೇಲಿದ್ದ ಕೆಂಪು ಸಾಲನ್ನ ನಾನೇ ತೆಗೆದೆ. ಓದಿದ್ದೆ ಸರ್. ಎಡಗಾಲು, ಬಲಗಾಲು ಅಂತ ಏನೋ ಇತ್ತು. ನಡಿಗೆ ಹೇಗೆ ಅಂತ ಹಳೇ ಕಾಲದೋರು ಪಾಠ ಹೇಳ್ತಿದಾರೆ ಅಂದ್ಕೊಂಡೆ. ಆ ಸಾಲು ಇದ್ರೆ ಮೊದಲನೇ ದಾರಿ ಒಂದು ಸ್ಕ್ರೀನಲ್ಲಿ ಹಿಡೀತಿರಲಿಲ್ಲ. ನೋಡೋಕೆ ಚೆನ್ನಾಗಿರಲಿ ಅಂತ ಡಿಲೀಟ್ ಒತ್ತಿದೆ.

ನಡೆದು ರೂಢಿ ಇರೋರು ಮಂಜಲ್ಲಿ ಹೋಗ್ತಿರಲಿಲ್ಲ, ಬೆಳಕಲ್ಲಿ ಹೋಗಿ ಕಣ್ಣಿಂದ ನೋಡ್ಕೊಳ್ತಿದ್ರು. ಅದಕ್ಕೇ ಇಷ್ಟು ದಿನ ಯಾರಿಗೂ ಏನೂ ಆಗಿಲ್ಲ. ಬರೀ ಲೆಕ್ಕ ನಂಬಿ ಹೋಗಿದ್ದು ಅಣ್ಣ ಒಬ್ಬನೇ.

ಅಮ್ಮಂಗೆ ಇದು ಗೊತ್ತಿಲ್ಲ. ‘ಆ ಮುದುಕ ಯಾರು ಹೇಳು, ಅವನ ಮುಖ ನೋಡಬೇಕು’ ಅಂತಾಳೆ ಅಷ್ಟೇ. ಊಟ ಬಿಟ್ಟಿದಾಳೆ. ತಟ್ಟೆ ಮುಂದೆ ಕೂರಿಸಿದ್ರೆ ಕೂರ್ತಾಳೆ, ಎಬ್ಬಿಸಿದ್ರೆ ಏಳ್ತಾಳೆ.

ನಾನು ನಿಮಗೆ ಬರೆದಿದ್ದು ನಿಮ್ಮ ಲೆಕ್ಕ ತಪ್ಪಾಗಿರಲಿ ಅಂತ. ಅಂದಾಜು ಅಂತ ಒಂದು ಮಾತು ನೀವಂದಿದ್ರೆ ಸಾಕಾಗಿತ್ತು ನಂಗೆ.

*

ಮಾರ್ಚ್ 16

ಮಗಳೇ,

ನಾನು ಜನವರಿಯಲ್ಲಿ ಬರೆದದ್ದು ಸುಳ್ಳು. ಮುದಿ ಜಂಬ, ಅಷ್ಟೇ.

ಮೂರನೇ ಕ್ವಾರಿಗೆ ನಾನು ಹೋಗಲೇ ಇಲ್ಲ. ಆ ಹೊತ್ತಿಗೆ ಮೊಣಕಾಲು ಊದಿಕೊಂಡಿತ್ತು. ಅಣ್ಣನ ಮಗಳು ‘ಚಿಕ್ಕಪ್ಪ, ಜನ ಕೇಳ್ತಿದಾರೆ, ಇನ್ನೊಂದು ಬರೀರಿ’ ಎಂದು ಪೀಡಿಸಿದಳು. ಬೇರೆ ಯಾವುದೋ ಕ್ವಾರಿಯ ನೆನಪಿನಲ್ಲಿ ಒಂದು ಅಂಕಿ ಹಾಕಿದೆ. ಎಡಗಾಲು ಎಣಿಸಿದರೂ ಎರಡೂ ಕಾಲು ಎಣಿಸಿದರೂ ಅದು ಸರಿಯಾದ ಜಾಗಕ್ಕೆ ಕರೆದೊಯ್ಯುವುದಿಲ್ಲ. ಹಾಗಾಗಿ ನೀನು ತೆಗೆದ ಸಾಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಿನಗೂ ಇದಕ್ಕೂ ಸಂಬಂಧವಿಲ್ಲ.

ಇದನ್ನೇ ನಿಮ್ಮ ತಾಯಿಯವರಿಗೂ ಬೇರೆ ಕವರಿನಲ್ಲಿ ಬರೆದು ಸಹಿ ಹಾಕಿ ಕಳಿಸಿದ್ದೇನೆ. ಕ್ಷಮೆ ಕೇಳಿಲ್ಲ, ಕೇಳುವ ಮುಖವಿಲ್ಲ. ನನ್ನ ವಿಳಾಸವನ್ನು ಸ್ಪಷ್ಟವಾಗಿ ಬರೆದಿದ್ದೇನೆ. ಅವರು ಬರುವುದಾದರೆ ಬರಲಿ.

ನೀನು ನಿನ್ನ ಕೆಲಸ ನೋಡಿಕೋ. ಊಟ ಮಾಡು. ತಾಯಿಗೂ ಮಾಡಿಸು.

*

ಮಾರ್ಚ್ 31

ಸರ್,

ನಿನ್ನೆ ಹೋಗಿದ್ದೆ.

ಅಂಗಡಿಗೆ ಹುಷಾರಿಲ್ಲ ಅಂದೆ, ಅಮ್ಮಂಗೆ ಅಂಗಡಿ ಅಂದೆ. ಎರಡು ಬಸ್ಸು ಬದಲಾಯಿಸಿ ಹನ್ನೊಂದು ಗಂಟೆಗೆ ತಲುಪಿದೆ. ಒಳ್ಳೇ ಬಿಸಿಲು. ವೇಬ್ರಿಡ್ಜಿನ ಕಬ್ಬಿಣದ ಹಲಗೆ ಸೀಳಿ ಗಿಡ ಬಂದಿದೆ. ಪಕ್ಕದ ಕೋಣೆ ಗೋಡೆ ಮೇಲೆ ಲಾರಿ ನಂಬರುಗಳನ್ನ ಇದ್ದಿಲಲ್ಲಿ ಬರೆದಿರೋದು ಇನ್ನೂ ಹಾಗೇ ಇದೆ. ಕತ್ತರಿಸಿದ ಬಂಡೆ ಗೋಡೆ ಎಡಕ್ಕೆ ಇಟ್ಕೊಂಡು ಹೊರಟೆ. ಗೋಡೆ ತುಂಬ ಡ್ರಿಲ್ ತೂತು, ಮೇಲಿಂದ ಕೆಳಗೆ ಉದ್ದುದ್ದ ಗೀರು. ಗಾಳಿ ಇಲ್ಲ, ಹಕ್ಕಿ ಇಲ್ಲ, ನನ್ನ ಚಪ್ಪಲಿ ಸದ್ದೊಂದೇ ಗೋಡೆಗೆ ಬಡಿದು ವಾಪಸ್ ಬರ್ತಿತ್ತು. ಯಾರೋ ಜೊತೇಲಿ ನಡೀತಿರೋ ಹಾಗೆ ಅನಿಸಿ ಎರಡು ಸಲ ನಿಂತೆ.

ಎಡಗಾಲು ಮಾತ್ರ ಎಣಿಸಿದೆ.

ನನ್ನ ಕಾಲು ಗಿಡ್ಡ. ಲಾರಿ ದಾರಿಗೆ ಇನ್ನೂರ ಮೂವತ್ತಾರು ಆಯ್ತು. ಚೂರುಕಲ್ಲು ಸುರಿಯೋ ದಾರಿಗೆ ನೂರಾ ಹದಿನೆಂಟು. ಸರಿಯಾಗಿ ಅರ್ಧ. ನೀವು ಅಣ್ಣನಷ್ಟೇ ಎತ್ತರ ಇರಬೇಕು. ಎರಡೂ ಕಾಲು ಸೇರಿಸಿ ಇನ್ನೂರ ಹತ್ತಕ್ಕೆ ಅವನು ನಿಂತ ಜಾಗ ಅದೇ, ನೀವು ಜನವರಿಲಿ ಬರೆದ ಹಾಗೇ ಇದೆ. ಜಲ್ಲಿ ಇದೆ. ಹುಲ್ಲು ಮಂಡಿವರೆಗೆ ಬೆಳೆದಿದೆ. ಇಪ್ಪತ್ತು ಹೆಜ್ಜೆಗೆ ಬಂಡೆ ಮುಗಿಯುತ್ತೆ ಅಂದಿದ್ರಿ. ನಾನು ಹದಿನೈದಕ್ಕೆ ಕೂತುಬಿಟ್ಟೆ. ಮಿಕ್ಕಿದ್ದನ್ನ ಕೂತೇ ಸರಿದು ಹೋಗಿ ನೋಡಿದೆ. ಕೆಳಗೆ ಹಸಿರು ನೀರು. ಅಷ್ಟೇ ಸರ್. ಒಬ್ಬ ಮನುಷ್ಯ ಬಿದ್ದಿದ್ದ ಅನ್ನೋಕೆ ಏನೂ ಗುರುತು ಇಲ್ಲ ಅಲ್ಲಿ.

ಹೋಗದೇ ಇದ್ದೋರಿಗೆ ಹಾವು ಕಂಡು ಪಕ್ಕಕ್ಕೆ ಸರಿದಿದ್ದು ಹೇಗೆ ನೆನಪಿರುತ್ತೆ? ನೀವು ಮೂರು ಸಲ ಹೋಗಿದೀರ. ಲೆಕ್ಕ ಸರಿ ಇದೆ. ಸುಳ್ಳು ಹೇಳಿದ್ದು ಈಗ.

ಅಮ್ಮಂಗೆ ಕಾಗದ ಬಂದ ದಿನ ನಾನು ಮನೇಲಿರಲಿಲ್ಲ. ಬರೋ ಹೊತ್ತಿಗೆ ಅಕ್ಕಪಕ್ಕದೋರೆಲ್ಲ ಕೂತಿದ್ರು. ಅಮ್ಮ ಜೋರಾಗಿ ಓದ್ತಿದ್ಲು. ‘ನೋಡೇ, ಒಪ್ಕೊಂಡಿದಾನೆ, ಅವನ ಕೈಯಾರೆ ಬರೆದಿದಾನೆ’ ಅಂತ ನನ್ನ ಮುಖಕ್ಕೆ ಹಿಡಿದ್ಲು. ನಾನು ‘ಹ್ಞೂಂ’ ಅಂದೆ. ಏನೂ ಗೊತ್ತಿಲ್ಲದೋಳ ಹಾಗೆ ‘ಹ್ಞೂಂ’ ಅಂದೆ.

ಯಾಕೆ ಹೀಗೆ ಮಾಡಿದ್ರಿ?

*

ಏಪ್ರಿಲ್ 7

ನೀನು ಎಣಿಸಿದ್ದು ತಪ್ಪು. ಇನ್ನೂರ ಮೂವತ್ತಾರು ಎಂದರೆ ಇನ್ನೂರ ಹತ್ತಲ್ಲ. ಹೊಸಬರ ಹೆಜ್ಜೆ ಒಂದೇ ಸಮ ಇರುವುದಿಲ್ಲ. ಅರ್ಧಕ್ಕೆ ಅರ್ಧ ಬಂದದ್ದು ಆಕಸ್ಮಿಕ. ಹಾವನ್ನು ನಾನು ಬೇರೆ ಕಡೆ ಕಂಡಿದ್ದೆ.

ಸರ್ವೆ ಕೆಲಸಕ್ಕೆ ಸೇರಿದ ಹೊಸತು, ನನಗಾಗ ಇಪ್ಪತ್ತಾರು ವರ್ಷ. ಕಮರಿಯೊಂದರ ಅಂಚಿನಲ್ಲಿ ಅಳತೆ ನಡೆದಿತ್ತು. ಟೇಪಿನ ಇನ್ನೊಂದು ತುದಿ ಹಿಡಿದಿದ್ದವನು ನನಗಿಂತ ದೊಡ್ಡವನು, ಎರಡು ಮಕ್ಕಳ ತಂದೆ. ‘ಇನ್ನೆರಡು ಅಡಿ ಹಿಂದೆ ಹೋಗಣ್ಣ’ ಎಂದೆ. ನನ್ನ ಕಣ್ಣು ಅಳತೆ ಪುಸ್ತಕದ ಮೇಲಿತ್ತು. ಹೋದ. ಆಮೇಲೆ ವಿಚಾರಣೆ ನಡೆಯಿತು, ನನ್ನ ಹೆಸರು ಎಲ್ಲೂ ಬರಲಿಲ್ಲ. ಬಂದಿದ್ದರೆ ಹೇಗಿರುತ್ತಿತ್ತೋ ಗೊತ್ತಿಲ್ಲ. ತಪ್ಪು ನಿನ್ನದಲ್ಲ ಎಂದು ಯಾರೂ ನನಗೆ ಹೇಳಲಿಲ್ಲ. ಹೇಳಿದ್ದರೆ ನಂಬುತ್ತಿದ್ದೆನೋ ಇಲ್ಲವೋ, ಆದರೆ ಯಾರಾದರೂ ಹೇಳಬಹುದಿತ್ತು.

ಇನ್ನು ನನಗೆ ಬರೆಯಬೇಡ. ಬರೆದರೆ ದರ್ಜಿ ತೆರೆಯದೆ ಇಟ್ಟುಕೊಳ್ಳುತ್ತಾನೆ, ಹಾಗೆಂದು ಹೇಳಿದ್ದೇನೆ.

*

ಮೇ 4

ಸರ್,

ಬರೀಬೇಡ ಅಂತ ನೀವಂದ ಮೇಲೆ ಇದು ನಾಲ್ಕನೇದು. ಮೊದಲ ಮೂರನ್ನ ದರ್ಜಿ ಅಂಕಲ್ ಇಟ್ಕೊಂಡಿದಾರೋ, ನೀವೇ ಓದಿ ಸುಮ್ನಿದ್ದೀರೋ ಗೊತ್ತಿಲ್ಲ. ಕಾಗದ ಓದಿದ್ರಾ ಇಲ್ವಾ ಅಂತ ತೋರಿಸೋಕೆ ಟಿಕ್ಕು ಗಿಕ್ಕು ಏನೂ ಇಲ್ವಲ್ಲ. ಇದನ್ನ ದರ್ಜಿ ಅಂಕಲ್ ಹೆಸರಿಗೇ ಹಾಕ್ತಿದೀನಿ. ಅಂಕಲ್, ದಯವಿಟ್ಟು ಮೂವತ್ತೆಂಟು ಮೆಟ್ಟಿಲು ಹತ್ತಿ ಇದನ್ನ ಅವರಿಗೆ ಓದಿ ಹೇಳಿ. ಬೇಡ ಅಂದ್ರೂ ಓದಿ.

ನಮ್ಮ ಮನೇಲಿ ಏನಾಗಿದೆ ಹೇಳ್ತೀನಿ.

ಅಮ್ಮ ಊಟ ಮಾಡ್ತಿದಾಳೆ. ನಿಮ್ಮನ್ನ ಬೈತಾ ಬೈತಾ ಶುರು ಮಾಡಿದ್ಲು. ಮೊದಲು ಎರಡು ತುತ್ತು, ಈಗ ತಟ್ಟೆ ಖಾಲಿ. ‘ಅವನ ಕೈ ಸೇದಿಹೋಗಲಿ’ ಅಂತಾಳೆ, ನೀರು ಕುಡೀತಾಳೆ, ಇನ್ನೊಂದು ಸ್ವಲ್ಪ ಹಾಕು ಅಂತಾಳೆ. ನಾನು ಹಾಕ್ತೀನಿ. ನಿಮ್ಮ ಕಾಗದನ ಪ್ಲಾಸ್ಟಿಕ್ ಹಾಕಿಸಿ ಅಣ್ಣನ ಸ್ಕ್ರೂಡ್ರೈವರ್ ಪೆಟ್ಟಿಗೆಲಿ ಇಟ್ಟಿದಾಳೆ. ‘ನೀನೊಬ್ಳಾದ್ರೂ ಇದೀಯಲ್ಲೇ’ ಅಂತ ನನ್ನ ತಲೆ ಸವರ್ತಾಳೆ. ಆ ಕೈ ತಲೆ ಮೇಲೆ ಬಂದಾಗ ನಂಗೆ ಎದ್ದು ಓಡಿಹೋಗಬೇಕು ಅನಿಸುತ್ತೆ. ಎಲ್ಲಿಗೆ ಓಡ್ಲಿ, ಇರೋದೇ ಒಂದು ರೂಮು, ಒಂದು ಅಡುಗೆಮನೆ.

ಚಿಕ್ಕಮ್ಮನ ಮಗ ಆ ಕಾಗದದ ಫೋಟೊ ತೆಗೆದು ಗ್ರೂಪಿಗೆ ಹಾಕಿದ. ವಿಳಾಸ ಸಮೇತ. ನಾನು ತೆಗೆಯೋ ಅಷ್ಟರಲ್ಲಿ ಎಲ್ಲಾ ಕಡೆ ಹೋಗಿತ್ತು. ನಿಮ್ಮನ್ನ ದೇವರು ಅಂತಿದ್ದೋರೇ ಈಗ ಏನಂತಾರೆ ಅಂತ ಬರೆಯಲ್ಲ. ನಲವತ್ತೊಂದು ಟಿಪ್ಪಣಿನೂ ಅಳಿಸಿ ಅಂತ ಓಟು ಹಾಕಿಸಿ ಅಳಿಸಿದ್ರು. ಬಟನ್ ಒತ್ತಿದ್ದು ನಾನೇ, ಆ ಪಟ್ಟಿ ಆದ್ಮೇಲೆ ನನ್ನನ್ನೇ ಅಡ್ಮಿನ್ ಮಾಡಿದ್ರಲ್ಲ. ಒಬ್ಬ ಬರೆದಿದಾನೆ, ಮುದುಕನ ಮನೆ ಮುಂದೆ ಹೋಗಿ ನಿಲ್ಲೋಣ ಬನ್ನಿ ಅಂತ. ಆರು ಜನ ಹ್ಞೂಂ ಅಂದಿದಾರೆ. ಬಂದಿದ್ರಾ ಅವರು? ಕಲ್ಲು ಗಿಲ್ಲು ಹೊಡೆದ್ರಾ? ನೀವು ಕಿಟಕಿ ಹತ್ರ ಕೂರೋರು.

ಕೆಂಪು ಸಾಲನ್ನ ತೆಗೆದಿದ್ದು ನಾನು ಅಂತ ಗ್ರೂಪಲ್ಲಿ ದಿನಾ ಟೈಪ್ ಮಾಡ್ತೀನಿ. ಎರಡೇ ಸಾಲು. ಕಳಿಸೋ ಬಟನ್ ಮೇಲೆ ಬೆರಳಿಟ್ಟು ಅಡುಗೆಮನೆ ಕಡೆ ನೋಡ್ತೀನಿ. ಅಮ್ಮ ತಟ್ಟೆ ತೊಳೀತಿರ್ತಾಳೆ. ಅಳಿಸ್ತೀನಿ. ಕಳಿಸಿದ್ರೆ ಅಮ್ಮ ಮತ್ತೆ ತಟ್ಟೆ ಮುಟ್ಟಲ್ಲ. ಮಗನ ಜೊತೆ ಮಗಳೂ ಹೋದ್ಲು ಅವಳ ಪಾಲಿಗೆ. ಕಳಿಸದೇ ಇದ್ರೆ ನೀವು ಕೊಲೆಗಾರ ಅನಿಸ್ಕೊಂಡು ಸಾಯ್ತೀರ. ಎರಡರಲ್ಲಿ ಒಂದು ಆರಿಸ್ಕೋ ಅಂತ ನೀವೇ ನನ್ನ ಈ ಜಾಗಕ್ಕೆ ತಂದು ನಿಲ್ಲಿಸಿದ್ದು. ನಿಮಗೆ ಯಾರೂ ಹೇಳದೇ ಇದ್ದ ಮಾತನ್ನ ನಂಗೆ ಹೇಳಿ ಪುಣ್ಯ ಕಟ್ಕೊಂಡೆ ಅಂದ್ಕೊಂಡಿದ್ದೀರ. ನಾನು ನಂಬಿಲ್ಲ ಸರ್. ಒಂದು ದಿನವೂ ನಂಬಿಲ್ಲ. ನಾನು ನಂಬಿರೋದು ಇನ್ನೂರ ಹತ್ತನ್ನ.

ದರ್ಜಿ ಅಂಕಲ್ ಇದನ್ನ ಓದೋವರೆಗೂ ನಿಜ ಗೊತ್ತಿದ್ದಿದ್ದು ಇಡೀ ಪ್ರಪಂಚದಲ್ಲಿ ಇಬ್ಬರಿಗೇ. ಅದರಲ್ಲಿ ಒಬ್ಬರಾದ ನೀವು ಬಾಗಿಲು ಹಾಕ್ಕೊಂಡು ಕೂತಿದ್ದೀರ. ನಂಗೆ ಸಮಾಧಾನ ಬೇಡ. ಕ್ಷಮೆನೂ ಬೇಡ, ಅದನ್ನ ಕೊಡೋಕೆ ನೀವ್ಯಾರು, ಅಣ್ಣ ನಿಮ್ಮೋನಲ್ಲ. ಕೈ ಇನ್ನೂ ಆಡ್ತಿದ್ರೆ ಒಂದು ಕಾರ್ಡಲ್ಲಿ ಒಂದೇ ಸಾಲು ಬರೀರಿ, ‘ಹೌದು, ನಿನ್ನಿಂದಲೇ’ ಅಂತ. ಆ ಕಾರ್ಡನ್ನ ಅಮ್ಮನ ಕೈಗೆ ಕೊಡೋದು ನನಗೆ ಬಿಟ್ಟಿದ್ದು. ಒಬ್ಬರ ಮನೆಗೆ ಸುಳ್ಳು ಬರೆದು ಸಹಿ ಹಾಕಿ ಕಳಿಸೋ ಧೈರ್ಯ ಇದ್ದೋರಿಗೆ, ನಂಗೆ ನಿಜ ಬರೆಯೋ ಧೈರ್ಯ ಇಲ್ವಾ?